ಮುತ್ತಿಗೆಯ ದಿನದಲ್ಲಿ ಕೊಂಡ ಹೊಲ

ಕಷ್ಟಕಾಲದ ನಿರೀಕ್ಷೆಯನ್ನು ಕುರಿತ ಪಾಠ
ಓದತಕ್ಕ ಭಾಗ: ಯೆರೆಮೀಯ ೩೨:೧–೪೪



ಮಳೆ ತಪ್ಪಿದ ವರ್ಷದಲ್ಲಿ ಹೊಲವನ್ನು ಮಾರುವವರು ಬಹು ಮಂದಿ; ಕೊಳ್ಳುವವರು ಅಪರೂಪ. ಒಕ್ಕಲುತನದಿಂದ ಜೀವಿಸುವ ನಿಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಬಾವಿಯ ನೀರು ತಳಕ್ಕೆ ಇಳಿದು, ಎತ್ತುಗಳು ಸಂತೆಗೆ ಹೋಗಿ, ಸಾಲ ಕೊಟ್ಟವನು ದಿನ ಬಿಟ್ಟು ದಿನ ಬಾಗಿಲಲ್ಲಿ ನಿಲ್ಲುವಾಗ ಮನುಷ್ಯನು ಮುಂದಿನ ವರ್ಷದ ಮಾತನ್ನೇ ಆಡಲಾರನು. ಇಂಥ ಕಾಲದಲ್ಲಿ ಸಭೆಯವರ ಮನೆಗಳಿಗೆ ಹೋದರೆ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: “ಉಪದೇಶಿಗಳೇ, ನನ್ನಲ್ಲಿ ನಿರೀಕ್ಷೆಯೇ ಉಳಿದಿಲ್ಲ. ಪ್ರಾರ್ಥನೆಗೆ ಕೂತರೂ ಮನಸ್ಸು ಏಳುವದಿಲ್ಲ. ನನ್ನ ನಂಬಿಕೆ ಸತ್ತುಹೋಯಿತೋ ಏನೋ.”

ಹೀಗೆ ಹೇಳುವವರು ನಿರೀಕ್ಷೆಯೆಂದರೆ ಮನಸ್ಸಿನ ಉಲ್ಲಾಸವೆಂದು ಎಣಿಸಿಕೊಂಡಿದ್ದಾರೆ. ಉಲ್ಲಾಸವು ಕುಗ್ಗಿದಾಗ ನಿರೀಕ್ಷೆಯೂ ಹೋಯಿತೆಂದು ಹೆದರುತ್ತಾರೆ. ಸತ್ಯವೇದವಾದರೋ ಬೇರೆ ರೀತಿಯಾಗಿ ಕಲಿಸುತ್ತದೆ. ದೇವರ ಮಾತಿನ ಮೇಲೆ ಭಾರ ಹಾಕಿ, ಬರಲಿರುವ ಒಳ್ಳೇ ದಿನಕ್ಕೆ ತಕ್ಕ ಕೆಲಸವನ್ನು ಈ ಕೆಟ್ಟ ದಿನದಲ್ಲಿಯೇ ಮಾಡುವದು ನಿರೀಕ್ಷೆ. ಮನಸ್ಸು ಹಗುರವಾಗಿರುವಾಗ ಅದನ್ನು ಮಾಡಬಹುದು. ಮನಸ್ಸು ಭಾರವಾಗಿರುವಾಗಲೂ ಮಾಡಬಹುದು. ಪ್ರವಾದಿಯಾದ ಯೆರೆಮೀಯನು ಕೊಂಡ ಒಂದು ತುಂಡು ಹೊಲವೇ ಇದಕ್ಕೆ ಸಾಕ್ಷಿ. ಆ ಸಂಗತಿಯನ್ನು ಈ ಪಾಠದಲ್ಲಿ ವಿಚಾರಿಸೋಣ.

೧. ಪಟ್ಟಣದ ಸ್ಥಿತಿ

ಯೆಹೂದದ ಅರಸನಾದ ಚಿದ್ಕೀಯನ ಆಳಿಕೆಯ ಹತ್ತನೆಯ ವರ್ಷ; ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನ ಹದಿನೆಂಟನೆಯ ವರ್ಷ. ನಮ್ಮ ಲೆಕ್ಕದಲ್ಲಿ ಅದು ಕ್ರಿಸ್ತಪೂರ್ವ ೫೮೭ರ ಸುಮಾರು. ಅದಕ್ಕೆ ಹತ್ತು ವರ್ಷಗಳ ಮುಂಚೆ, ಅಂದರೆ ಕ್ರಿಸ್ತಪೂರ್ವ ೫೯೭ರಲ್ಲಿ, ಬಾಬೆಲಿನವರು ಅರಸನಾದ ಯೆಹೋಯಾಖೀನನನ್ನೂ ನಾಡಿನ ಮುಖ್ಯಸ್ಥರನ್ನೂ ಕಮ್ಮಾರ ಮೊದಲಾದ ಕೈಕೆಲಸದವರನ್ನೂ ಸೆರೆ ಒಯ್ದಿದ್ದರು. ಈಗ ಅದೇ ಸೈನ್ಯವು ಎರಡನೆಯ ಸಾರಿ ಬಂದು ಯೆರೂಸಲೇಮನ್ನು ಸುತ್ತಿಕೊಂಡಿತ್ತು. ಗೋಡೆಯನ್ನು ಹತ್ತುವದಕ್ಕೆ ಹೊರಗೆ ಮಣ್ಣಿನ ದಿಬ್ಬಗಳು ಏಳುತ್ತಿದ್ದವು. ಒಳಗೆ ಕತ್ತಿ, ಕ್ಷಾಮ, ವ್ಯಾಧಿ ಈ ಮೂರೂ ಸೇರಿಕೊಂಡಿದ್ದವು.

ಆ ದಿನಗಳ ಕಳವಳಕ್ಕೆ ಸತ್ಯವೇದದ ಹೊರಗೂ ಒಂದು ಸಾಕ್ಷಿ ಉಂಟು. ಲಾಕೀಷ್ ಎಂಬ ಕೋಟೆಯೂರಿನ ಹಾಳುದಿಬ್ಬವನ್ನು ಅಗೆದವರಿಗೆ ೧೯೩೫ರಲ್ಲಿ ಮಡಕೆಯ ಚೂರುಗಳ ಮೇಲೆ ಮಸಿಯಿಂದ ಬರೆದ ಇಬ್ರಿಯ ಪತ್ರಗಳು ಸಿಕ್ಕಿದವು. ಅವು ಯೆಹೂದ ರಾಜ್ಯದ ಕಡೇ ದಿನಗಳಲ್ಲಿ ಕಾವಲಿನವರು ಬರೆದ ಪತ್ರಗಳು. ಅವುಗಳಲ್ಲೊಂದು, ಲಾಕೀಷಿನ ಬೆಂಕಿಯ ಗುರುತಿಗಾಗಿ ಕಾದುಕೊಂಡಿದ್ದೇವೆ, ಅಜೇಕದ ಗುರುತು ನಮಗೆ ಕಾಣುವದಿಲ್ಲ ಎಂಬ ಅರ್ಥವುಳ್ಳದ್ದು. ಯೆರೂಸಲೇಮಿನ ಹೊರತು ಉಳಿದಿದ್ದ ಕೋಟೆಗಳೆಂದು ಯೆರೆಮೀಯನು ಹೆಸರು ಹೇಳುವ ಊರುಗಳು ಇವೆರಡೇ (೩೪:೭). ಗುಡ್ಡದ ಮೇಲಿನ ದೀಪಗಳು ಒಂದೊಂದಾಗಿ ಕಾಣದೆ ಹೋಗುವಾಗ ಕಾಯುವವನ ಎದೆ ಹೇಗೆ ಬಡಿದುಕೊಂಡಿತೆಂದು ನಾವು ಊಹಿಸಬಹುದು.

ಯೆರೆಮೀಯನ ಸ್ವಂತ ಗತಿಯು ಪಟ್ಟಣದ ಗತಿಗಿಂತಲೂ ಕಷ್ಟವಾಗಿತ್ತು. ಪಟ್ಟಣವು ಶತ್ರುವಿನ ವಶವಾಗುವದೆಂದು ಸಾರಿದ್ದಕ್ಕಾಗಿ ಅರಸನು ಅವನನ್ನು ಪಹರೆಯ ಅಂಗಳದಲ್ಲಿ ಸೆರೆ ಇಟ್ಟಿದ್ದನು. ರೊಟ್ಟಿಗಾರರ ಬೀದಿಯಿಂದ ದಿನಕ್ಕೊಂದು ರೊಟ್ಟಿ ಅವನಿಗೆ ಬರುತ್ತಿತ್ತು. ಅದೂ ಪಟ್ಟಣದಲ್ಲಿ ಹಿಟ್ಟು ಇರುವ ತನಕ ಮಾತ್ರ (೩೭:೨೧). ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ (೧೬:೨). ಸ್ವಂತ ಊರಾದ ಅನಾತೋತಿನವರೇ ಹಿಂದೆ ಅವನ ಪ್ರಾಣ ತೆಗೆಯುವದಕ್ಕೆ ಹೊಂಚಿದ್ದರು (೧೧:೨೧). ಇಂಥವನ ಬಳಿಗೆ ಒಬ್ಬನು ಹೊಲವನ್ನು ಮಾರುವದಕ್ಕೆ ಬಂದನು.

೨. ಕ್ರಯವಾದ ವಿಧ

ಬಂದವನು ಅವನ ತಂದೆಯ ಸಹೋದರನಾದ ಶಲ್ಲೂಮನ ಮಗನಾದ ಹನಮೇಲನು. “ಅನಾತೋತಿನಲ್ಲಿರುವ ನನ್ನ ಹೊಲವನ್ನು ನೀನು ಕೊಂಡುಕೋ, ಬಿಡಿಸಿಕೊಳ್ಳುವ ಹಕ್ಕು ನಿನ್ನದು” ಎಂಬದು ಅವನ ಮಾತಿನ ಸಾರ. ದಾಯಾದಿಯ ಭೂಮಿ ಪರರ ಪಾಲಾಗದ ಹಾಗೆ ಸಮೀಪಬಂಧುವು ಅದನ್ನು ಬಿಡಿಸಬೇಕೆಂಬದು ಮೋಶೆಯ ಧರ್ಮಶಾಸ್ತ್ರದ ನಿಯಮವಾಗಿತ್ತು (ಯಾಜಕಕಾಂಡ ೨೫:೨೫). ಅನಾತೋತು ಯೆರೂಸಲೇಮಿನಿಂದ ಈಶಾನ್ಯಕ್ಕೆ ಸುಮಾರು ೫ ಕಿಲೋಮೀಟರು ದೂರ; ಒಂದು ಗಂಟೆಯ ದಾರಿ. ಪಟ್ಟಣದ ಸುತ್ತಲೂ ಬಾಬೆಲಿನ ದಂಡು ಇಳಿದಿತ್ತು. ಹಾಗಾದರೆ ಆ ಹೊಲದಲ್ಲಿ ಉಳುವವರು ಯಾರು, ಬಿತ್ತುವವರು ಯಾರು? ಶತ್ರುವಿನ ಕುದುರೆಗಳು ತುಳಿಯುವ ನೆಲಕ್ಕೆ ಬೆಲೆ ಕೊಡುವವನನ್ನು ನಮ್ಮ ಊರಿನ ಚಾವಡಿಯಲ್ಲಿ ಏನೆಂದು ಕರೆದಾರು? ಬುದ್ಧಿ ಕೆಟ್ಟವನೆಂದೇ ಕರೆದಾರು.

ಆದರೂ ಯೆರೆಮೀಯನು ಕೊಂಡನು. ಹನಮೇಲನು ಬರುವನೆಂದು ದೇವರು ಮುಂಚೆಯೇ ತಿಳಿಸಿದ್ದದರಿಂದ, ಇದು ಕರ್ತನ ಮಾತೇ ಎಂದು ಅವನು ತಿಳಿದುಕೊಂಡನು. ಆಮೇಲೆ ನಡೆದದ್ದನ್ನು ಸತ್ಯವೇದವು ಶಾನುಭೋಗನು ಲೆಕ್ಕ ಬರೆದ ಹಾಗೆ ಒಂದೊಂದಾಗಿ ಹೇಳುತ್ತದೆ. ಬೆಲೆಯು ೧೭ ಶೆಕೆಲ್ ಬೆಳ್ಳಿ. ಒಂದು ಶೆಕೆಲ್ ನಮ್ಮ ಹಿರಿಯರ ಒಂದು ತೊಲಕ್ಕೆ ಹೆಚ್ಚು ಕಡಿಮೆ ಸಮ. ಆ ಕಾಲದಲ್ಲಿ ಯೆಹೂದದೊಳಗೆ ನಾಣ್ಯದ ಬಳಕೆ ಇರಲಿಲ್ಲವಾದದರಿಂದ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟನು. ಪತ್ರವನ್ನು ಬರೆದು ಮುದ್ರೆ ಹಾಕಿದನು. ಸಾಕ್ಷಿಗಳು ರುಜು ಹಾಕಿದರು. ಮುದ್ರೆ ಹಾಕಿದ ಪತ್ರವೊಂದು, ತೆರೆದ ಪತ್ರವೊಂದು. ಇವೆರಡನ್ನೂ ಹನಮೇಲನ ಮುಂದೆಯೂ ಸಾಕ್ಷಿಗಳ ಮುಂದೆಯೂ ಅಂಗಳದಲ್ಲಿ ಕೂತಿದ್ದ ಎಲ್ಲಾ ಯೆಹೂದ್ಯರ ಮುಂದೆಯೂ ನೇರೀಯನ ಮಗನಾದ ಬಾರೂಕನ ಕೈಗೆ ಕೊಟ್ಟನು. ಬಹುದಿನ ಉಳಿಯುವಂತೆ ಇವುಗಳನ್ನು ಮಣ್ಣಿನ ಗಡಿಗೆಯಲ್ಲಿ ಇಡಬೇಕೆಂದು ಅಪ್ಪಣೆಯಾಯಿತು.

ಒಂದೇ ಕ್ರಯಕ್ಕೆ ಎರಡು ಪತ್ರಗಳು ಯಾಕೆ? ಮುದ್ರೆಯೊಳಗಿನ ಬರಹವನ್ನು ಯಾರೂ ತಿದ್ದಲಾರರು. ತೆರೆದ ಬರಹವನ್ನು ಬೇಕಾದಾಗ ಓದಬಹುದು. ವ್ಯಾಜ್ಯ ಬಂದರೆ ಮುದ್ರೆಯನ್ನು ಒಡೆದು ಎರಡನ್ನೂ ಹೋಲಿಸಿ ನೋಡುವರು. ಈ ಪದ್ಧತಿಯು ಬಹುಕಾಲ ನಡೆಯಿತು. ಲವಣಸಮುದ್ರದ ಪಶ್ಚಿಮದ ಬೆಟ್ಟಗಳ ಒಂದು ಗವಿಯಲ್ಲಿ, ಕ್ರಿಸ್ತಶಕ ಎರಡನೆಯ ಶತಮಾನದಲ್ಲಿದ್ದ ಬಾಬತಾ ಎಂಬ ಯೆಹೂದ್ಯ ಸ್ತ್ರೀಯ ಪತ್ರಗಳ ಕಟ್ಟು ೧೯೬೧ರಲ್ಲಿ ದೊರೆಯಿತು. ಅವುಗಳಲ್ಲಿ ಅನೇಕವು ಒಳಗೊಂದು ಹೊರಗೊಂದು ಎಂದು ಎರಡು ಸಾರಿ ಬರೆದು, ಒಳಗಿನದನ್ನು ಮಡಿಸಿ ಕಟ್ಟಿದವುಗಳು. ಗಡಿಗೆಯ ಮಾತಿಗೂ ಸಾಕ್ಷಿ ಉಂಟು. ಅದೇ ಸೀಮೆಯ ಕುಮ್ರಾನಿನ ಗವಿಗಳಲ್ಲಿ ೧೯೪೭ರಿಂದ ಸಿಕ್ಕಿದ ತೊಗಲಿನ ಸುರುಳಿಗಳಲ್ಲಿ ಕೆಲವು ಮಣ್ಣಿನ ಗಡಿಗೆಗಳಲ್ಲಿದ್ದು ಸುಮಾರು ಎರಡು ಸಾವಿರ ವರ್ಷ ಉಳಿದುಬಂದವು.

ಇಲ್ಲಿ ಮೂರು ಸಂಗತಿಗಳನ್ನು ಗಮನಿಸಿರಿ. ಮೊದಲನೆಯದು, ಯೆರೆಮೀಯನು ಈ ಕೆಲಸವನ್ನು ಎಲ್ಲರ ಮುಂದೆ ಮಾಡಿದನು. ಅಂಗಳದಲ್ಲಿ ಹಸಿದು ಕೂತಿದ್ದವರು ತಕ್ಕಡಿಯು ಏರಿ ಇಳಿಯುವದನ್ನು ಕಣ್ಣಾರೆ ಕಂಡರು. ಎರಡನೆಯದು, ಅವನು ಅದನ್ನು ಕ್ರಮವಾಗಿ ಮಾಡಿದನು. ದೇವರು ನೋಡಿಕೊಳ್ಳುತ್ತಾನೆಂದು ಹೇಳಿ ತೂಕವನ್ನಾಗಲಿ ಸಾಕ್ಷಿಗಳನ್ನಾಗಲಿ ಬಿಡಲಿಲ್ಲ. ನಿರೀಕ್ಷೆಯು ಅಜಾಗ್ರತೆಗೆ ತಾಯಿಯಲ್ಲ. ಮೂರನೆಯದು, ಅವನು ಅದನ್ನು ದೀರ್ಘಕಾಲಕ್ಕೆಂದು ಮಾಡಿದನು. ನಾಳೆ ಬೇಕಾಗುವ ಪತ್ರವನ್ನು ಯಾರೂ ಗಡಿಗೆಯಲ್ಲಿಟ್ಟು ಭದ್ರಪಡಿಸುವದಿಲ್ಲ. ಈ ದೇಶದಲ್ಲಿ ಮನೆ, ಹೊಲ, ದ್ರಾಕ್ಷೆತೋಟಗಳು ತಿರಿಗಿ ಕ್ರಯವಾಗುವವೆಂದು ದೇವರು ಹೇಳಿದ್ದನು. ಯಾವಾಗ ಎಂದು ಆ ಅಂಗಳದಲ್ಲಿ ಕೂತವರು ಬೆರಳೆಣಿಸುವ ಹಾಗಿರಲಿಲ್ಲ.

೩. ಕೊಂಡ ಮೇಲೆ ಮಾಡಿದ ಪ್ರಾರ್ಥನೆ

ಪತ್ರವನ್ನು ಬಾರೂಕನಿಗೆ ಕೊಟ್ಟಾದ ಮೇಲೆ ಯೆರೆಮೀಯನು ಪ್ರಾರ್ಥನೆಗೆ ನಿಂತನು (೩೨:೧೬–೨೫). ಆ ಪ್ರಾರ್ಥನೆಯನ್ನು ನಿಧಾನವಾಗಿ ಓದಿರಿ. ಅದು ನಿಟ್ಟುಸಿರಿನಿಂದ ಪ್ರಾರಂಭವಾಗುತ್ತದೆ. ಭೂಮ್ಯಾಕಾಶಗಳನ್ನು ಉಂಟುಮಾಡಿದವನು ನೀನು, ಐಗುಪ್ತದಿಂದ ನಿನ್ನ ಜನರನ್ನು ಕರೆತಂದವನು ನೀನು ಎಂದು ಅವನು ದೇವರ ಕಾರ್ಯಗಳನ್ನು ನೆನಪಿಗೆ ತಂದುಕೊಳ್ಳುತ್ತಾನೆ. ಬಳಿಕ ಕಣ್ಣ ಮುಂದಿನ ದಿಬ್ಬಗಳನ್ನು ತೋರಿಸುತ್ತಾನೆ. ಪಟ್ಟಣವು ಶತ್ರುವಿನ ಕೈಸೇರಿದ ಹಾಗೆಯೇ ಇದೆ, ಹೀಗಿದ್ದರೂ ಹೊಲವನ್ನು ಕೊಂಡುಕೋ ಎಂದು ನನಗೆ ಹೇಳಿದೆಯಲ್ಲಾ ಎನ್ನುತ್ತಾನೆ.

ಇದು ಸಂಶಯವೋ? ಹೌದು, ಕಳವಳದಿಂದ ತುಂಬಿದ ಮಾತೇ. ಆದರೆ ಕ್ರಮವನ್ನು ನೋಡಿರಿ. ಅವನು ಮೊದಲು ವಿಧೇಯನಾದನು, ಆಮೇಲೆ ಪ್ರಶ್ನೆ ಕೇಳಿದನು. ಪ್ರಶ್ನೆಯನ್ನು ಊರವರ ಮುಂದೆ ಗೊಣಗದೆ ದೇವರ ಮುಂದೆಯೇ ಇಟ್ಟನು. ದೇವರು ಅವನನ್ನು ಗದರಿಸಲಿಲ್ಲ. ತನಗೆ ಅಸಾಧ್ಯವಾದದ್ದು ಉಂಟೋ ಎಂದು ಕೇಳಿ, ಪಟ್ಟಣವು ಬೀಳುವದನ್ನೂ ಚದರಿಹೋದವರು ತಿರಿಗಿ ಕೂಡಿಬರುವದನ್ನೂ ಅವನಿಗೆ ತಿಳಿಯಪಡಿಸಿದನು. ಆದದರಿಂದ ಕುಗ್ಗಿದ ಮನಸ್ಸುಳ್ಳವರೇ, ಧೈರ್ಯವಾಗಿರಿ. ನಿಮ್ಮ ಮನಸ್ಸು ಏಳದ ದಿನವು ನಿಮ್ಮ ನಂಬಿಕೆ ಸತ್ತ ದಿನವಲ್ಲ. ನಡುಗುವ ಕೈಯಿಂದ ಬೆಳ್ಳಿಯನ್ನು ತೂಗಿದರೂ ತೂಕವು ತೂಕವೇ.

೪. ಸುಳ್ಳು ನಿರೀಕ್ಷೆಯ ವಿಷಯ

ನಿರೀಕ್ಷೆಯ ವೇಷ ಹಾಕಿಕೊಂಡು ಬರುವ ಮೋಸವೂ ಉಂಟು. ಚಿದ್ಕೀಯನ ನಾಲ್ಕನೆಯ ವರ್ಷದಲ್ಲಿ ಹನನ್ಯನೆಂಬ ಪ್ರವಾದಿಯು ದೇವಾಲಯದಲ್ಲಿ ಜನರ ಮುಂದೆ ನಿಂತು, ಇನ್ನೆರಡು ವರ್ಷದೊಳಗೆ ಬಾಬೆಲಿನ ನೊಗವು ಮುರಿದುಹೋಗುವದು, ಸೆರೆಹೋದವರೆಲ್ಲಾ ಹಿಂದಿರುಗುವರು ಎಂದು ಸಾರಿದನು. ಯೆರೆಮೀಯನ ಕುತ್ತಿಗೆಯ ಮೇಲಿದ್ದ ಮರದ ನೊಗವನ್ನು ತೆಗೆದು ಮುರಿದುಹಾಕಿದನು (ಯೆರೆಮೀಯ ೨೮). ಆ ಮಾತು ಜನರಿಗೆ ಎಷ್ಟು ಹಿತವಾಗಿದ್ದಿರಬೇಕು! ಆದರೆ ಬೆಳ್ಳಗಿರುವದೆಲ್ಲಾ ಹಾಲಲ್ಲ. ದೇವರು ಅವನನ್ನು ಕಳುಹಿಸಿರಲಿಲ್ಲ. ಅದೇ ವರ್ಷದಲ್ಲಿ ಹನನ್ಯನು ಸತ್ತನು, ಎರಡು ವರ್ಷಗಳು ಕಳೆದವು, ನೊಗವು ಮುರಿಯಲಿಲ್ಲ.

ಯೆರೆಮೀಯನು ಬಾಬೆಲಿನಲ್ಲಿದ್ದ ಸೆರೆಯವರಿಗೆ ಬರೆದ ಪತ್ರವು ಬೇರೆ ತರದ್ದು (ಯೆರೆಮೀಯ ೨೯). ಮನೆಗಳನ್ನು ಕಟ್ಟಿಕೊಳ್ಳಿರಿ, ತೋಟಗಳನ್ನು ಮಾಡಿರಿ, ಮಕ್ಕಳಿಗೆ ಮದುವೆ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ. ೭೦ ವರ್ಷಗಳಾದ ಮೇಲೆ ದೇವರು ನಿಮ್ಮನ್ನು ತಿರಿಗಿ ಬರಮಾಡುವನು ಎಂಬದು ಅದರ ತಾತ್ಪರ್ಯ. ಎಪ್ಪತ್ತು ವರ್ಷ! ಓದಿದವರಲ್ಲಿ ಬಹುಮಂದಿ ಆ ದಿನವನ್ನು ಕಾಣುವ ಹಾಗಿರಲಿಲ್ಲ. ಆದರೂ ಅವರನ್ನು ಬದುಕಿಸಿದ್ದು ಈ ಪತ್ರವೇ ಹೊರತು ಹನನ್ಯನ ಮಾತಲ್ಲ. ಯಾಕಂದರೆ ಎರಡು ವರ್ಷವೆಂದು ನಂಬಿದವನು ಗಂಟು ಕಟ್ಟಿಕೊಂಡು ಸುಮ್ಮನೆ ಕೂತಿರುವನು. ಎಪ್ಪತ್ತು ವರ್ಷವೆಂದು ತಿಳಿದವನು ಗಿಡ ನೆಡುವನು.

ಹನನ್ಯನ ಮನೆತನದವರು ಈಗಲೂ ಇದ್ದಾರೆ. ಇಷ್ಟು ಕಾಣಿಕೆ ಕೊಡು, ಇಷ್ಟು ದಿನದಲ್ಲಿ ನಿನ್ನ ಸಾಲ ತೀರುವದು ಎನ್ನುವವನು ಆ ಮನೆತನದವನೇ. ಶಾಸ್ತ್ರ ಹೇಳಿ ಕಾಲ ಗುರುತಿಸುವವನೂ, ಕ್ರಿಸ್ತನ ಹೆಸರನ್ನೇ ಹೇಳಿ ದಿನ ಗೊತ್ತುಮಾಡುವವನೂ, ಇಬ್ಬರೂ ಒಂದೇ ಸರಕನ್ನು ಮಾರುವವರು. ದೇವರು ತನ್ನ ಮಕ್ಕಳಿಗೆ ಕಷ್ಟವೇ ಬಾರದೆಂದು ಎಲ್ಲಿಯೂ ವಾಗ್ದಾನ ಮಾಡಿಲ್ಲ. ಕಷ್ಟವು ಕಡೆಯ ಮಾತಲ್ಲವೆಂದು ವಾಗ್ದಾನ ಮಾಡಿದ್ದಾನೆ.

೫. ಆಮೇಲೆ ಏನಾಯಿತು?

ಚಿದ್ಕೀಯನ ಹನ್ನೊಂದನೆಯ ವರ್ಷದ ನಾಲ್ಕನೆಯ ತಿಂಗಳಿನ ಒಂಬತ್ತನೆಯ ದಿನದಲ್ಲಿ ಗೋಡೆ ಬಿರಿಯಿತು. ಪಟ್ಟಣ ಬಿದ್ದಿತು, ದೇವಾಲಯವು ಸುಟ್ಟುಹೋಯಿತು. ಹೊಲವನ್ನು ಕೊಂಡದ್ದರಿಂದ ಪಟ್ಟಣವು ಉಳಿಯಲಿಲ್ಲ. ಇದನ್ನು ಮರೆಮಾಡಬಾರದು. ಯೆರೆಮೀಯನು ನಾಡಿನಲ್ಲಿಯೇ ಇರುವದಕ್ಕೆ ಮನಸ್ಸುಮಾಡಿದರೂ, ಉಳಿದ ಜನರು ಅವನ ಮಾತನ್ನು ಕೇಳದೆ ಅವನನ್ನೂ ಬಾರೂಕನನ್ನೂ ಐಗುಪ್ತಕ್ಕೆ ಕರೆದುಕೊಂಡು ಹೋದರು (೪೩:೫–೭). ಅವನು ಆ ಹೊಲವನ್ನು ಒಂದು ದಿನವಾದರೂ ಉತ್ತನೆಂದು ಸತ್ಯವೇದದಲ್ಲಿ ಬರೆದಿಲ್ಲ.

ಆದರೆ ಕಥೆಯು ಅಲ್ಲಿ ಮುಗಿಯಲಿಲ್ಲ. ಕ್ರಿಸ್ತಪೂರ್ವ ೫೩೯ರಲ್ಲಿ ಪಾರಸಿಯ ಅರಸನಾದ ಕೋರೆಷನು ಬಾಬೆಲನ್ನು ಹಿಡಿದನು. ಯೆಹೂದ್ಯರು ಸ್ವದೇಶಕ್ಕೆ ಹೋಗಿ ದೇವಾಲಯವನ್ನು ಕಟ್ಟಬಹುದೆಂದು ಅಪ್ಪಣೆಯಾಯಿತು. ಹಿಂದಿರುಗಿದವರ ಪಟ್ಟಿಯು ಎಜ್ರನ ಗ್ರಂಥದ ಎರಡನೆಯ ಅಧ್ಯಾಯದಲ್ಲಿದೆ. ಬರೀ ಹೆಸರುಗಳೆಂದು ನಾವು ಸಾಮಾನ್ಯವಾಗಿ ಬಿಟ್ಟು ಮುಂದೆ ಹೋಗುವ ಅಧ್ಯಾಯವದು. ಅದರ ೨೩ನೆಯ ವಚನವನ್ನು ಬೆರಳಿಟ್ಟು ಓದಿರಿ. ಅನಾತೋತಿನವರು ೧೨೮ ಮಂದಿ! ಅದೇ ಲೆಕ್ಕವು ನೆಹೆಮೀಯ ೭:೨೭ರಲ್ಲಿಯೂ ಉಂಟು. ಬೆನ್ಯಾಮೀನ್ಯರು ತಿರಿಗಿ ವಾಸಿಸಿದ ಊರುಗಳಲ್ಲಿ ಅನಾತೋತಿನ ಹೆಸರು ನೆಹೆಮೀಯ ೧೧:೩೨ರಲ್ಲಿ ಬಂದಿದೆ. ಪ್ರವಾದಿಯನ್ನು ಕೊಲ್ಲುವದಕ್ಕೆ ಹೊಂಚಿದ ಊರು. ಶತ್ರುವಿನ ದಂಡು ತುಳಿದ ಊರು. ಅದರ ಹೊಲಗಳಲ್ಲಿ ಮಕ್ಕಳು ಮೊಮ್ಮಕ್ಕಳು ಮತ್ತೆ ನೇಗಿಲು ಹಿಡಿದರು. ಮಕ್ಕಳಿಲ್ಲದ ಮುದುಕನು ತೂಗಿ ಕೊಟ್ಟ ಬೆಳ್ಳಿಯು ವ್ಯರ್ಥವಾಗಲಿಲ್ಲ.

ಇಂಥದ್ದನ್ನು ನಮ್ಮ ನಾಡೂ ಕಂಡಿದೆ. ೧೮೭೬ರಿಂದ ೧೮೭೮ರ ವರೆಗಿನ ದೊಡ್ಡ ಬರದಲ್ಲಿ ಮೈಸೂರು ಸೀಮೆಯು ಬಹಳವಾಗಿ ಹಾಳಾಯಿತು. ೧೮೭೧ರ ಜನಗಣತಿಯಲ್ಲಿ ೫೦ ಲಕ್ಷಕ್ಕೂ ಹೆಚ್ಚಾಗಿದ್ದ ಆ ಸಂಸ್ಥಾನದ ಜನರು ೧೮೮೧ರಲ್ಲಿ ಸುಮಾರು ೪೨ ಲಕ್ಷವಾಗಿದ್ದರು. ಇಡೀ ಊರುಗಳು ಬರಿದಾದವು. ಆಗ ಉಳಿದವರು ಮತ್ತೆ ಉತ್ತು ಬಿತ್ತಿದ ನೆಲವನ್ನೇ ಇಂದು ನಾವು ಉಳುತ್ತೇವೆ. ನಾವು ಉಣ್ಣುವ ಅನ್ನದಲ್ಲಿ, ತಾವು ಕಾಣದ ದಿನಕ್ಕಾಗಿ ದುಡಿದವರ ಪಾಲು ಉಂಟು.

೬. ನಮಗೆ ಕೊಟ್ಟಿರುವ ಸಂಚಕಾರ

ಯಾರಾದರೂ ಹೀಗೆ ಕೇಳಬಹುದು: “ಯೆರೆಮೀಯನಿಗೆ ದೇವರು ನೇರವಾಗಿ ಮಾತು ಕೊಟ್ಟನು. ನಮ್ಮ ಕೈಯಲ್ಲಿ ಏನಿದೆ?” ಇದಕ್ಕೆ ಅಪೊಸ್ತಲನಾದ ಪೌಲನು ಕೊಡುವ ಉತ್ತರವು ಹೊಲಮನೆ ಕೊಂಡು ಮಾರುವವರೆಲ್ಲರಿಗೂ ತಿಳಿದ ಮಾತಾಗಿದೆ. ಎಫೆಸ ೧:೧೩–೧೪ರಲ್ಲಿ ಅವನು ಎರಡು ವಸ್ತುಗಳನ್ನು ಹೇಳುತ್ತಾನೆ: ಮುದ್ರೆ, ಮತ್ತು ಸಂಚಕಾರ. ಕ್ರಯ ಪೂರ್ತಿಯಾಗುವದಕ್ಕೆ ಮೊದಲು ಸಂಚಕಾರ ಕೊಡುವದು ನಮ್ಮಲ್ಲಿಯೂ ವಾಡಿಕೆ. ಸಂಚಕಾರವು ಪೂರ್ಣ ಹಣವಲ್ಲ. ಆದರೂ ಪೂರ್ಣ ಹಣವು ಬರುವದೆಂಬದಕ್ಕೆ ಆಧಾರ. ಹಾಗೆಯೇ ಪವಿತ್ರಾತ್ಮನು ನಮ್ಮ ಬಾಧ್ಯತೆಗೆ ಸಂಚಕಾರವಾಗಿದ್ದಾನೆ. ಪ್ರಾರ್ಥಿಸಲಾರದ ದಿನದಲ್ಲಿಯೂ ಒಂದು ನಿಟ್ಟುಸಿರು ದೇವರ ಕಡೆಗೆ ತಿರುಗುವದಾದರೆ, ಅನ್ಯಾಯ ಪಟ್ಟರೂ ಕ್ಷಮಿಸಬೇಕೆಂಬ ಎಣಿಕೆ ಹುಟ್ಟುವದಾದರೆ, ಸಂಚಕಾರವು ನಮ್ಮ ಮನೆಯಲ್ಲಿದೆ.

ಈ ಕ್ರಯದ ಅಸ್ತಿವಾರವು ಕ್ರಿಸ್ತನ ಪುನರುತ್ಥಾನವೇ. ಅವನ ಸಮಾಧಿಗೂ ಜನರು ಮುದ್ರೆ ಹಾಕಿದರು (ಮತ್ತಾಯ ೨೭:೬೬). ಎಲ್ಲಾ ಮುಗಿಯಿತೆಂಬದಕ್ಕೆ ಅದು ಗುರುತಾಗಿತ್ತು. ಮೂರನೆಯ ದಿನದಲ್ಲಿ ಕಲ್ಲು ಉರುಳಿತು. ಮುದ್ರೆಯೊಳಗೆ ಜೀವ ಇತ್ತೆಂದು ಲೋಕಕ್ಕೆ ತಿಳಿಯಿತು. ಆದದರಿಂದಲೇ ಪೇತ್ರನು ನಮ್ಮ ನಿರೀಕ್ಷೆಯನ್ನು ಜೀವವುಳ್ಳದ್ದೆಂದು ಕರೆದು, ನಮ್ಮ ಬಾಧ್ಯತೆಯು ಕೆಟ್ಟುಹೋಗದೆ ಪರಲೋಕದಲ್ಲಿ ಇಡಲ್ಪಟ್ಟಿದೆ ಎನ್ನುತ್ತಾನೆ (೧ ಪೇತ್ರ ೧:೩–೪). ಮಣ್ಣಿನ ಗಡಿಗೆಯು ಒಡೆದೀತು. ಈ ಪತ್ರವನ್ನು ಹುಳ ತಿನ್ನದು, ಕಳ್ಳನು ಒಯ್ಯಲಾರನು. ರೋಮಾಪುರ ೫:೩–೫ರಲ್ಲಿ ಹೇಳಿದ ಕ್ರಮವನ್ನು ಬಾಯಿಪಾಠ ಮಾಡಿಕೊಳ್ಳಿರಿ. ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪರಿಪಕ್ವವಾದ ಗುಣ, ಅದರಿಂದ ನಿರೀಕ್ಷೆ. ನಿರೀಕ್ಷೆಯು ಅಲ್ಲಿ ಕೊನೆಯಲ್ಲಿ ಬರುತ್ತದೆ. ಇಂದು ತಾಳ್ಮೆಯ ಮೆಟ್ಟಲಲ್ಲಿರುವವನು ನಿರೀಕ್ಷೆಯ ದಾರಿಯಲ್ಲಿಯೇ ಇದ್ದಾನೆ.

೭. ನಾವು ಮಾಡತಕ್ಕದ್ದೇನು?

ನಿರೀಕ್ಷೆಯು ಕೈಕೆಲಸವಾಗಿದ್ದರೆ, ನಮ್ಮ ಊರುಗಳಲ್ಲಿ ಅದನ್ನು ಹೀಗೆ ಮಾಡಬಹುದು.

(೧) ಬಿತ್ತನೆಯ ಬೀಜವನ್ನು ಕಾಪಾಡಿರಿ. ಮನೆಯಲ್ಲಿ ಮಕ್ಕಳು ಹಸಿದಿರುವಾಗ ಬೀಜದ ಚೀಲವನ್ನು ಬಿಚ್ಚದಿರುವದು ಎಷ್ಟು ಕಠಿಣವೆಂದು ಬಲ್ಲೆವು. ಆದದರಿಂದಲೇ ಇದು ಒಂದು ಮನೆಯ ಕೆಲಸವಾಗಿರದೆ ಸಭೆಯ ಕೆಲಸವಾಗಿರಲಿ. ಪ್ರತಿ ಅಡಿಗೆಯ ಹೊತ್ತಿನಲ್ಲಿ ಒಂದು ಹಿಡಿ ಅಕ್ಕಿಯನ್ನಾಗಲಿ ರಾಗಿಯನ್ನಾಗಲಿ ಜೋಳವನ್ನಾಗಲಿ ಬೇರೆ ತೆಗೆದಿಟ್ಟು ಆದಿತ್ಯವಾರ ತಂದು ಕೂಡಿಸಿದರೆ, ತೀರಾ ಬಡವನಾದ ಸಹೋದರನು ಬೀಜವನ್ನು ತಿನ್ನದೆ ಉಳಿಸಿಕೊಳ್ಳುವನು.

(೨) ಮಕ್ಕಳನ್ನು ಶಾಲೆಯಿಂದ ಬಿಡಿಸಬೇಡಿರಿ. ಬರಗಾಲದಲ್ಲಿ ಮೊದಲು ನಿಲ್ಲುವದು ಹುಡುಗಿಯರ ಓದು. ಹುಡುಗಿಯ ಪುಸ್ತಕವು ಗಡಿಗೆಯಲ್ಲಿಟ್ಟ ಪತ್ರದ ಹಾಗಿದೆ. ಅದರ ಫಲವು ಬಹುದಿನಗಳ ಮೇಲೆ ಕಾಣುವದು.

(೩) ಸಾಲವನ್ನು ಬಚ್ಚಿಡಬೇಡಿರಿ. ಯೆರೆಮೀಯನು ಸಾಕ್ಷಿಗಳ ಮುಂದೆ ತೂಗಿದನು. ನೀವೂ ಲೆಕ್ಕವನ್ನು ಕಾಗದದ ಮೇಲೆ ಬರೆದು, ಹೆಂಡತಿಯ ಸಂಗಡ ಮಾತಾಡಿ, ನಂಬಿಕೆಗೆ ಯೋಗ್ಯನಾದ ಒಬ್ಬ ಹಿರಿಯನಿಗೆ ತೋರಿಸಿರಿ. ಮದುವೆಯ ಆಡಂಬರಕ್ಕಾಗಿ ಹೊಸ ಸಾಲ ಮಾಡಬೇಡಿರಿ. ಬರೆಯದೆ ಮುಚ್ಚಿಟ್ಟ ಸಾಲವು ರಾತ್ರಿಯಲ್ಲಿ ಬೆಳೆಯುತ್ತದೆ.

(೪) ಮನೆಯ ಪ್ರಾರ್ಥನೆಯನ್ನು ನಿಲ್ಲಿಸಬೇಡಿರಿ. ದೀರ್ಘ ಪ್ರಾರ್ಥನೆ ಬಾರದಿದ್ದರೆ ಕರ್ತನ ಪ್ರಾರ್ಥನೆಯೊಂದೇ ಸಾಕು. ಉಲ್ಲಾಸ ಬರುವ ತನಕ ಕಾಯಬೇಡಿರಿ. ದೀಪ ಹಚ್ಚಿದೊಡನೆ ಕೂತುಕೊಳ್ಳಿರಿ.

(೫) ಜೀವವೇ ಬೇಡವೆಂದು ಹೇಳುವವನನ್ನು ಒಂಟಿಯಾಗಿ ಬಿಡಬೇಡಿರಿ. ಸಾಲಬಾಧೆಯಿಂದ ಒಕ್ಕಲಿಗರು ಪ್ರಾಣ ಕಳೆದುಕೊಂಡ ದುಃಖವು ನಮ್ಮ ನಾಡಿಗೆ ಹೊಸದಲ್ಲ. ಅಂಥವನಿಗೆ, ನಿನಗೆ ನಂಬಿಕೆ ಕಡಿಮೆಯೆಂದು ಹೇಳುವದು ಕ್ರೂರತನ. ಯೆರೆಮೀಯನೇ ತಾನು ಹುಟ್ಟಿದ ದಿನವನ್ನು ಶಪಿಸಿದನು (೨೦:೧೪). ಎಲೀಯನು ಸಾವನ್ನು ಬೇಡಿದಾಗ ದೇವರು ಮೊದಲು ಕೊಟ್ಟದ್ದು ನಿದ್ದೆ, ರೊಟ್ಟಿ, ನೀರು. ಉಪದೇಶವು ಆಮೇಲೆ ಬಂದಿತು (೧ ಅರಸುಗಳು ೧೯). ಆದದರಿಂದ ಅವನ ಸಂಗಡ ಕೂತು ಊಟ ಮಾಡಿರಿ, ರಾತ್ರಿ ಅವನ ಮನೆಯಲ್ಲಿಯೇ ಮಲಗಿರಿ, ಹೊಲಕ್ಕೆ ಹೊಡೆಯುವ ವಿಷದ ಡಬ್ಬಿಯನ್ನು ಅವನ ಕೈಗೆ ಸಿಗದಂತೆ ತೆಗೆದಿಡಿರಿ, ತಡಮಾಡದೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ. ಯೆರೆಮೀಯನನ್ನು ಕೆಸರಿನ ಬಾವಿಯೊಳಗಿಂದ ಎತ್ತಿದ ಎಬೆದ್ಮೆಲೆಕನನ್ನು ನೆನಸಿರಿ. ಹಗ್ಗವು ಕಂಕುಳನ್ನು ಕೊಯ್ಯದ ಹಾಗೆ ಅವನು ಹಳೇ ಬಟ್ಟೆಗಳನ್ನು ಹಗ್ಗದ ಸಂಗಡ ಇಳಿಸಿದನು (೩೮:೧೧–೧೩). ಕುಗ್ಗಿದವನನ್ನು ಎತ್ತುವವರಿಗೆ ಹಗ್ಗವೂ ಬೇಕು, ಆ ಹಳೇ ಬಟ್ಟೆಯೂ ಬೇಕು.

ಸಹೋದರರೇ, ಈ ವರ್ಷದ ಮಳೆ ಹೇಗಿರುವದೋ ನಮಗೆ ಗೊತ್ತಿಲ್ಲ. ನಾವು ನೆಟ್ಟ ಮಾವಿನ ಹಣ್ಣನ್ನು ನಾವೇ ತಿನ್ನುವೆವೋ, ನಮ್ಮ ಮೊಮ್ಮಕ್ಕಳು ತಿನ್ನುವರೋ, ಅದೂ ಗೊತ್ತಿಲ್ಲ. ಆದರೆ ನೆಡತಕ್ಕ ದಿನವು ಇದೇ. ತಕ್ಕಡಿಯನ್ನು ತನ್ನಿರಿ, ಸಾಕ್ಷಿಗಳನ್ನು ಕರೆಯಿರಿ, ಪತ್ರವನ್ನು ಬರೆಯಿರಿ. ಅನಾತೋತಿಗೆ ೧೨೮ ಮಂದಿಯನ್ನು ಹಿಂದಕ್ಕೆ ತಂದ ದೇವರು ನಿಮ್ಮ ಊರನ್ನೂ ಬಲ್ಲನು. ಆತನ ಕೃಪೆಯು ನಿಮ್ಮೆಲ್ಲರ ಸಂಗಡ ಇರಲಿ. ಆಮೆನ್.

ಮನೆಯಲ್ಲಿ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

೧. ಯೆರೆಮೀಯನು ಹೊಲವನ್ನು ಕೊಂಡಾಗ ಅವನ ವಿರೋಧವಾಗಿದ್ದ ಸಂಗತಿಗಳು ಯಾವವು?
೨. ಎರಡು ಪತ್ರಗಳನ್ನು ಬರೆದು ಗಡಿಗೆಯಲ್ಲಿ ಇಟ್ಟದ್ದು ಯಾಕೆ?
೩. ಹನನ್ಯನ ಮಾತಿಗೂ ಯೆರೆಮೀಯನ ಪತ್ರಕ್ಕೂ ಇರುವ ಭೇದವೇನು? ಹನನ್ಯನಂಥ ಮಾತನ್ನು ನಮ್ಮ ಊರಿನಲ್ಲಿ ಕೇಳಿದ್ದುಂಟೋ?
೪. ಎಜ್ರ ೨:೨೩ನ್ನು ಓದಿ, ಅದು ಈ ಪಾಠಕ್ಕೆ ಹೇಗೆ ಸಂಬಂಧಪಡುತ್ತದೆಂದು ಹೇಳಿರಿ.
೫. ಮುಂದಿನ ಆದಿತ್ಯವಾರದೊಳಗೆ ನಿಮ್ಮ ಮನೆಯವರು ಮಾಡಬಹುದಾದ ನಿರೀಕ್ಷೆಯ ಕೆಲಸ ಒಂದನ್ನು ಗೊತ್ತುಮಾಡಿರಿ.